ಮಂಕಾದ ನಕ್ಷತ್ರ ಏನು ಹೇಳುತ್ತದೆ?

ಆ ಗೋಡೆಯ ಮೇಲಿನ ಟ್ಯೂಬ್‌ಲೈಟ್ ನೋಡಿ. ಅದರ ಮುಂದೆ ಫ್ಯಾನ್ ತಿರುಗುತ್ತಿದೆ. ಹಿಂದೆ ಕೂತವರಿಗೆ ಬೆಳಕು ಪಟಪಟ ಅಂತ ಕಡಿದ ಹಾಗೆ ಕಾಣುತ್ತಿರಬೇಕು. ಕೊನೆಯ ಬೆಂಚಿನ ಹುಡುಗ ಆಗಲೇ ಎರಡು ಸಲ ಕಣ್ಣುಜ್ಜಿಕೊಂಡ. ಈಗ ಒಂದು ಪ್ರಶ್ನೆ. ನಿಮಗೆ ಫ್ಯಾನ್ ಕಾಣುವುದೇ ಇಲ್ಲ ಅಂದುಕೊಳ್ಳಿ. ಬೆಳಕು ಮಾತ್ರ ಕಾಣುತ್ತದೆ. ಅದು ಎಷ್ಟು ಹೊತ್ತಿಗೊಮ್ಮೆ ಮಂಕಾಗುತ್ತದೆ, ಎಷ್ಟು ಮಂಕಾಗುತ್ತದೆ, ಇಷ್ಟೇ ನಿಮಗೆ ಗೊತ್ತು. ಅಷ್ಟರಿಂದಲೇ ಅಲ್ಲಿ ಏನೋ ತಿರುಗುತ್ತಿದೆ, ಇಂಥ ವೇಗದಲ್ಲಿ ತಿರುಗುತ್ತಿದೆ ಅಂತ ಹೇಳಬಹುದಾ? ಹೇಳಬಹುದು. ತಾಳ್ಮೆ ಇದ್ದರೆ ರೆಕ್ಕೆ ಎಷ್ಟು ಅಗಲ ಅನ್ನುವುದನ್ನೂ ಲೆಕ್ಕ ಹಾಕಬಹುದು.

ನಕ್ಷತ್ರಗಳ ವಿಷಯದಲ್ಲೂ ನಮ್ಮ ಸ್ಥಿತಿ ಇದೇ. ಅವುಗಳ ಹತ್ತಿರ ಯಾರೂ ಹೋಗಿಲ್ಲ. ಎಷ್ಟೇ ದೊಡ್ಡ ದೂರದರ್ಶಕ ಇಟ್ಟರೂ ಹೆಚ್ಚಿನ ನಕ್ಷತ್ರಗಳು ಒಂದು ಚುಕ್ಕಿ ಅಷ್ಟೇ. ಆ ಚುಕ್ಕಿಯಿಂದ ಬರುವ ಬೆಳಕನ್ನೇ ಹಿಡಿದುಕೊಂಡು ಉಳಿದದ್ದನ್ನೆಲ್ಲ ತಿಳಿಯಬೇಕು. ಆ ಬೆಳಕು ಮಂಕಾದಾಗ ಹೆದರಿದವರಿದ್ದಾರೆ. ಅಪಶಕುನ ಅಂದವರಿದ್ದಾರೆ. ಎಷ್ಟು ಹೊತ್ತು ಮಂಕಾಯಿತು, ಮತ್ತೆ ಯಾವಾಗ ಆಯಿತು, ಯಾವ ಬಣ್ಣ ಜಾಸ್ತಿ ಕಡಿಮೆಯಾಯಿತು ಅಂತ ಕೂತು ಬರೆದುಕೊಂಡವರೂ ಇದ್ದಾರೆ. ಇವತ್ತು ನಾನು ಹೇಳುವುದು ಅವರ ಕಥೆ.

ಈ ಡಿಸೆಂಬರ್ ತಿಂಗಳಲ್ಲಿ ಈ ಶನಿವಾರವನ್ನೇ ಹುಡುಕಿ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಈಗ ಏಳೂವರೆ. ನಾವಿಲ್ಲಿ ಕೂತು ಮಾತಾಡುತ್ತಿರುವಾಗಲೇ ಈ ಕಟ್ಟಡದ ಮೇಲೆ, ಈಶಾನ್ಯದ ಕಡೆ, ಒಂದು ನಕ್ಷತ್ರ ಮಂಕಾಗುತ್ತಾ ಇದೆ. ರಾತ್ರಿ ಹತ್ತು ಗಂಟೆಗೆ ಅದು ತೀರಾ ಮಂಕಾಗಿರುತ್ತದೆ. ಮಾತು ಮುಗಿಸಿ ಟೆರೇಸ್‌ಗೆ ಹೋಗಿ ಅದನ್ನು ನೋಡೋಣ.

ಅದಕ್ಕೆ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಕ್ಷತ್ರ ಮಿನುಗುವುದು ಬೇರೆ, ಮಂಕಾಗುವುದು ಬೇರೆ. ಮಿನುಗುವುದು ನಮ್ಮ ಗಾಳಿಯ ಕೆಲಸ. ಬೇಸಿಗೆಯ ಮಧ್ಯಾಹ್ನ ಟಾರ್ ರಸ್ತೆಯ ಮೇಲೆ ದೂರದ ಬಸ್ಸು ಅಲುಗಾಡಿದ ಹಾಗೆ ಕಾಣುತ್ತದಲ್ಲ, ಅದೇ ತರಹ. ಬಿಸಿ ಗಾಳಿ, ತಣ್ಣನೆ ಗಾಳಿ ಕಲೆಸಿಕೊಂಡಾಗ ಅದರ ಮೂಲಕ ಬರುವ ಬೆಳಕು ಅತ್ತಿತ್ತ ಬಾಗುತ್ತದೆ. ನಕ್ಷತ್ರ ಚುಕ್ಕಿಯಷ್ಟು ಸಣ್ಣದಾದ್ದರಿಂದ ಆ ಅಲುಗಾಟ ಎದ್ದು ಕಾಣುತ್ತದೆ. ಗುರು, ಶುಕ್ರ ಹತ್ತಿರದಲ್ಲಿವೆ, ಪುಟ್ಟ ಬಿಲ್ಲೆಯ ಹಾಗೆ ಇವೆ, ಅದಕ್ಕೇ ಅಷ್ಟಾಗಿ ಮಿನುಗುವುದಿಲ್ಲ. ಇದರಲ್ಲಿ ನಕ್ಷತ್ರದ ಪಾಲು ಏನೂ ಇಲ್ಲ. ನಾನು ಹೇಳಹೊರಟಿರುವುದು ನಕ್ಷತ್ರದ ಬೆಳಕೇ ಕಡಿಮೆಯಾಗುವ ವಿಷಯ.

ಇವತ್ತಿನ ನಮ್ಮ ನಕ್ಷತ್ರದ ಹೆಸರು ಆಲ್ಗಾಲ್. ಪರ್ಸಿಯಸ್ ಪುಂಜದಲ್ಲಿದೆ, ನಮ್ಮಿಂದ ಸುಮಾರು 90 ಜ್ಯೋತಿರ್ವರ್ಷ ದೂರ, ಅಂದರೆ ಅದರ ಬೆಳಕು ಇಲ್ಲಿಗೆ ಬರಲು ಸುಮಾರು 90 ವರ್ಷ ಬೇಕು. ಹೆಸರು ಅರಬ್ಬಿಯಿಂದ ಬಂದಿದ್ದು, ಭೂತದ ತಲೆ ಅಂತ ಅರ್ಥ. ಗ್ರೀಕರ ಕಥೆಯಲ್ಲಿ ಪರ್ಸಿಯಸ್ ಅನ್ನುವ ವೀರ ಮೆಡೂಸಾ ಎಂಬ ರಾಕ್ಷಸಿಯ ತಲೆ ಕಡಿದು ಕೈಯಲ್ಲಿ ಹಿಡಿದಿದ್ದಾನೆ. ಆ ತಲೆ ಇರುವ ಜಾಗದಲ್ಲೇ ಈ ನಕ್ಷತ್ರ. ಅದರ ಹೊಳಪು ಬದಲಾಗುತ್ತದೆ ಅಂತ ಇಟಲಿಯ ಮೊಂತನಾರಿ 17ನೇ ಶತಮಾನದಲ್ಲೇ ಗಮನಿಸಿದ್ದ. ಆದರೆ ಎಷ್ಟು ದಿನಕ್ಕೊಮ್ಮೆ, ಯಾಕೆ ಅಂತ ಅವನಿಗೆ ಸಿಕ್ಕಲಿಲ್ಲ.

ಅದು ಸಿಕ್ಕಿದ್ದು ಇಂಗ್ಲೆಂಡಿನ ಯಾರ್ಕ್ ಊರಿನ ಒಬ್ಬ ಹುಡುಗನಿಗೆ. ಜಾನ್ ಗುಡ್‌ರಿಕ್ ಅಂತ. ಅವನಿಗೆ ಆಗ ಹದಿನೆಂಟು ವರ್ಷ. ನಮ್ಮಲ್ಲಿ ಸೆಕೆಂಡ್ ಪಿಯುಸಿ ಮುಗಿಸುವ ವಯಸ್ಸು. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಇದನ್ನು ನಾನು ಒತ್ತಿ ಹೇಳುವುದು ಕರುಣೆ ಹುಟ್ಟಿಸುವುದಕ್ಕಲ್ಲ. 18ನೇ ಶತಮಾನದಲ್ಲಿ ಕಿವುಡ ಮಕ್ಕಳಿಗೆ ಶಾಲೆ ಸಿಗುವುದೇ ಅಪರೂಪವಾಗಿತ್ತು. ಅವನಿಗೆ ಎಡಿನ್‌ಬರೋದಲ್ಲಿ ಅಂಥ ಒಂದು ಶಾಲೆ ಸಿಕ್ಕಿತು. ಕಲಿಸುವವರು ಸಿಕ್ಕರೆ ಒಂದು ಮಗು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ನನ್ನ ಕ್ಲಾಸಿನಲ್ಲಿ ನಾನು ಪ್ರತಿ ವರ್ಷ ಹೇಳುವ ಹೆಸರು ಅವನದ್ದು.

1782ರ ನವೆಂಬರ್ 12ರ ರಾತ್ರಿ ಅವನು ಆಲ್ಗಾಲ್ ನೋಡಿದ. ಮಾಮೂಲಿ ಹೊಳಪು ಇರಲಿಲ್ಲ. ಆಶ್ಚರ್ಯವಾಯಿತು ಅಂತ ದಿನಚರಿಯಲ್ಲಿ ಬರೆದುಕೊಂಡ. ನೆರೆಮನೆಯಲ್ಲಿ ಎಡ್ವರ್ಡ್ ಪಿಗಟ್ ಅಂತ ಇನ್ನೊಬ್ಬ ಆಕಾಶದ ಹುಚ್ಚಿನವನು ಇದ್ದ. ಇಬ್ಬರೂ ಸೇರಿ ಮೋಡ ಇಲ್ಲದ ರಾತ್ರಿಗಳಲ್ಲೆಲ್ಲ ಕಾದು ಕೂತರು. ಯಂತ್ರ ಏನಿತ್ತು ಅಂತೀರಿ? ಕಣ್ಣು. ಪಕ್ಕದ ನಕ್ಷತ್ರಗಳ ಜತೆ ಹೋಲಿಸಿ ನೋಡುವುದು. ಇದಕ್ಕಿಂತ ಮಂಕು, ಅದಕ್ಕಿಂತ ಪ್ರಕಾಶ, ಇಷ್ಟು ಗಂಟೆ ಇಷ್ಟು ನಿಮಿಷ. ತಿಂಗಳುಗಟ್ಟಲೆ ಹೀಗೆ ಬರೆದು ಕೊನೆಗೆ ಲೆಕ್ಕ ಕುದುರಿಸಿದ. 2 ದಿನ, 20 ಗಂಟೆ, 49 ನಿಮಿಷಕ್ಕೆ ಒಂದು ಸಲ ಆಲ್ಗಾಲ್ ಮಂಕಾಗುತ್ತದೆ. ಹತ್ತು ಗಂಟೆಯ ಒಳಗೆ ಇಳಿದು ಮತ್ತೆ ಏರುತ್ತದೆ. ತೀರಾ ಮಂಕಾದಾಗ ಹೊಳಪು ಮಾಮೂಲಿಯ ಮೂರರಲ್ಲಿ ಒಂದು ಪಾಲಿಗೆ ಬರುತ್ತದೆ.

ಯಾಕೆ ಅನ್ನುವುದಕ್ಕೆ ಅವನು ಎರಡು ಸಾಧ್ಯತೆ ಮುಂದಿಟ್ಟ. ಒಂದೋ ನಕ್ಷತ್ರದ ಮೇಲೆ ಕಲೆಗಳಿವೆ, ಅದು ತಿರುಗುವಾಗ ಕಲೆಯ ಭಾಗ ನಮ್ಮ ಕಡೆ ಬರುತ್ತದೆ. ಇಲ್ಲವೋ ಅದರ ಸುತ್ತ ಇನ್ನೊಂದು ಕಾಯ ಸುತ್ತುತ್ತಿದೆ, ಅದು ಅಡ್ಡ ಬಂದಾಗ ಬೆಳಕು ಮರೆಯಾಗುತ್ತದೆ. ಯಾವ ಜೋಡಿ ನಕ್ಷತ್ರವೂ ಹೀಗೆ ಒಂದನ್ನೊಂದು ಮರೆಮಾಡುತ್ತದೆ ಅಂತ ಜಗತ್ತಿಗೆ ಗೊತ್ತಿಲ್ಲದ ಕಾಲ ಅದು. 1783ರಲ್ಲಿ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. 1786ರ ಏಪ್ರಿಲ್‌ನಲ್ಲಿ ಸೊಸೈಟಿಯ ಫೆಲೋ ಆಗಿ ಆರಿಸಿದರು. ನಾಲ್ಕೇ ದಿನಕ್ಕೆ ಅವನು ತೀರಿಕೊಂಡ. ಇಪ್ಪತ್ತೊಂದು ವರ್ಷ. ಅವನು ಹೇಳಿದ ಎರಡನೇ ಸಾಧ್ಯತೆ ನಿಜ ಅಂತ ಸಾಬೀತಾಗಿದ್ದು ನೂರು ವರ್ಷ ಕಳೆದ ಮೇಲೆ, 1889ರಲ್ಲಿ. ಜರ್ಮನಿಯ ಫೋಗಲ್ ಆಲ್ಗಾಲ್‌ನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಅದು ಒಮ್ಮೆ ನಮ್ಮ ಕಡೆಗೆ, ಒಮ್ಮೆ ಆಚೆಗೆ ಚಲಿಸುವುದು ಕಂಡಿತು. ಜತೆಯಲ್ಲಿ ಇನ್ನೊಂದು ಇದ್ದೇ ಇತ್ತು.

ಈ ಜೋಡಿಯಲ್ಲಿ ಇನ್ನೊಂದು ವಿಚಿತ್ರ ಇದೆ. ಸುಮ್ನೆ ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಕ್ಷತ್ರಗಳಲ್ಲಿ ದಪ್ಪ ಇದ್ದದ್ದು ಬೇಗ ಮುದಿಯಾಗುತ್ತದೆ. ತೂಕ ಜಾಸ್ತಿ ಇದ್ದಷ್ಟೂ ಇಂಧನ ಬೇಗ ಉರಿದುಹೋಗುತ್ತದೆ. ಆದರೆ ಆಲ್ಗಾಲ್‌ನಲ್ಲಿ ಉಲ್ಟಾ. ಸೂರ್ಯನ ಮೂರು ಪಟ್ಟಿಗಿಂತ ಜಾಸ್ತಿ ತೂಗುವ ನಕ್ಷತ್ರ ಇನ್ನೂ ಯೌವನದಲ್ಲಿದೆ. ಸೂರ್ಯನಿಗಿಂತ ಹಗುರವಾದ ಜತೆಗಾರ ಆಗಲೇ ಮುದಿಯಾಗಿ ಊದಿಕೊಂಡಿದೆ. ಎರಡೂ ಒಟ್ಟಿಗೆ ಹುಟ್ಟಿದವು. ಹಾಗಾದರೆ ಹೇಗೆ? ಈಗ ಹಗುರ ಇರುವುದೇ ಹಿಂದೆ ದಪ್ಪ ಇತ್ತು. ಅದು ಮುದಿಯಾಗಿ ಊದಿದಾಗ ಅದರ ಹೊರಗಿನ ಅನಿಲವನ್ನು ಪಕ್ಕದ್ದು ಎಳೆದುಕೊಂಡಿತು. ಒಂದು ಬಡವಾಯಿತು, ಇನ್ನೊಂದು ಬಲಿಯಿತು. ಹತ್ತು ಗಂಟೆಗೆ ನಾವು ನೋಡುವಾಗ ಆ ಊದಿಕೊಂಡ ಮುದಿ ನಕ್ಷತ್ರವೇ ಮುಂದೆ ಬಂದು ನಿಂತಿರುತ್ತದೆ.

ಗುಡ್‌ರಿಕ್ ಸಾಯುವ ಮೊದಲು ಇನ್ನೊಂದು ನಕ್ಷತ್ರ ಹಿಡಿದಿದ್ದ. 1784ರಲ್ಲಿ, ಡೆಲ್ಟಾ ಸೀಫಿ. ಇದು 5 ದಿನ 9 ಗಂಟೆಯ ಹತ್ತಿರಹತ್ತಿರ ಒಂದು ಸುತ್ತು ಏರಿ ಇಳಿಯುತ್ತದೆ. ಆದರೆ ಇಲ್ಲಿ ಯಾರೂ ಅಡ್ಡ ಬರುವುದಿಲ್ಲ. ನಕ್ಷತ್ರವೇ ಉಬ್ಬುತ್ತದೆ, ಕುಗ್ಗುತ್ತದೆ, ಉಸಿರಾಡಿದ ಹಾಗೆ. ನೂರಿಪ್ಪತ್ತು ವರ್ಷದ ಮೇಲೆ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹೆನ್ರಿಯೆಟಾ ಲೆವಿಟ್ ಎಂಬಾಕೆ ಗಾಜಿನ ಫೋಟೋ ಪ್ಲೇಟುಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಇದೇ ಜಾತಿಯ ನಕ್ಷತ್ರಗಳನ್ನು ಎಣಿಸುತ್ತಿದ್ದರು. ಅವರಿಗೂ ಕಿವಿ ಕೇಳುತ್ತಿರಲಿಲ್ಲ. ಹೆಂಗಸರಿಗೆ ದೂರದರ್ಶಕ ಮುಟ್ಟಲು ಬಿಡದ ಕಾಲ. ಗಂಟೆಗೆ ಕೆಲವು ಸೆಂಟ್ಸ್ ಸಂಬಳ. ಅವರು ಕಂಡುಕೊಂಡದ್ದು ಇಷ್ಟು: ಇಂಥ ನಕ್ಷತ್ರ ಎಷ್ಟು ನಿಧಾನಕ್ಕೆ ಉಸಿರಾಡುತ್ತದೋ ಅಷ್ಟು ಪ್ರಕಾಶಮಾನ. 1912ರಲ್ಲಿ ಅದು ಅಚ್ಚಾಯಿತು.

ಇದರಿಂದ ಏನು ಉಪಯೋಗ ಅಂತ ಕೇಳಬಹುದು. ರಾತ್ರಿ ಹೆದ್ದಾರಿಯಲ್ಲಿ ಎದುರಿಂದ ಒಂದು ದೀಪ ಬರುತ್ತಿದೆ. ಅದು ಲಾರಿಯದ್ದೋ ಸೈಕಲ್ಲಿನ ಡೈನಮೋದ್ದೋ ಗೊತ್ತಿಲ್ಲದಿದ್ದರೆ ಎಷ್ಟು ದೂರ ಇದೆ ಹೇಳಲಾಗುವುದಿಲ್ಲ. ಲಾರಿಯದ್ದು ಅಂತ ಗೊತ್ತಾದ ತಕ್ಷಣ ದೂರ ಅಂದಾಜು ಸಿಗುತ್ತದೆ, ಅಲ್ವಾ? ಲೆವಿಟ್ ನಮಗೆ ಕೊಟ್ಟಿದ್ದು ದೀಪ ಯಾವುದು ಅಂತ ಗುರುತಿಸುವ ದಾರಿ. 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಇಂಥ ಒಂದು ನಕ್ಷತ್ರ ಹುಡುಕಿದರು. ಅದರ ದೂರ ಲೆಕ್ಕ ಹಾಕಿದಾಗ ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಒಳಗಿನ ಮೋಡವಲ್ಲ, ಅದರಾಚೆ ಇರುವ ಇನ್ನೊಂದು ಗೆಲಾಕ್ಸಿ ಅಂತ ತಿಳಿಯಿತು. ಈಗಿನ ಲೆಕ್ಕದಲ್ಲಿ 25 ಲಕ್ಷ ಜ್ಯೋತಿರ್ವರ್ಷ ದೂರ. ವಿಶ್ವ ಇಷ್ಟು ದೊಡ್ಡದು ಅಂತ ಮೊದಲು ಹೇಳಿದ್ದು ಏರಿಳಿಯುವ ಒಂದು ಚುಕ್ಕಿ.

ಮೀರಾ ಬಗ್ಗೆ ಬೇಗ ಹೇಳಿಬಿಡುತ್ತೇನೆ. ತಿಮಿಂಗಿಲ ಪುಂಜದ ನಕ್ಷತ್ರ. 1596ರಲ್ಲಿ ಡೇವಿಡ್ ಫಾಬ್ರಿಸಿಯಸ್ ಎಂಬ ಪಾದ್ರಿ ನೋಡಿದಾಗ ಇತ್ತು, ಆಮೇಲೆ ನಾಪತ್ತೆ. ವರ್ಷಗಳ ಮೇಲೆ ಮತ್ತೆ ಕಂಡಿತು. ಸುಮಾರು 332 ದಿನಕ್ಕೊಮ್ಮೆ ಅದು ಬರಿಗಣ್ಣಿಗೆ ಕಾಣುವಷ್ಟು ಹೊಳೆದು ಮತ್ತೆ ಕಾಣದಷ್ಟು ಮಂಕಾಗುತ್ತದೆ. ಮೀರಾ ಅಂದರೆ ಲ್ಯಾಟಿನ್‌ನಲ್ಲಿ ಅದ್ಭುತ ಅಂತ. ನಮ್ಮ ಮೀರಾಬಾಯಿಗೂ ಇದಕ್ಕೂ ಸಂಬಂಧವಿಲ್ಲ, ಮಕ್ಕಳು ಯಾವಾಗಲೂ ಕೇಳುತ್ತಾರೆ ಅಂತ ಹೇಳಿದೆ. 2007ರಲ್ಲಿ ಗ್ಯಾಲೆಕ್ಸ್ ಎಂಬ ಬಾಹ್ಯಾಕಾಶ ದೂರದರ್ಶಕ ಅತಿನೇರಳೆ ಬೆಳಕಿನಲ್ಲಿ ನೋಡಿದಾಗ ಮೀರಾ ಹಿಂದೆ 13 ಜ್ಯೋತಿರ್ವರ್ಷ ಉದ್ದದ ಬಾಲ ಕಂಡಿತು. ಧೂಮಕೇತುವಿನ ಹಾಗೆ ಬಾಲ ಬಿಟ್ಟುಕೊಂಡು ಓಡುವ ನಕ್ಷತ್ರ!

ಈ ಮೀರಾ ಜಾತಿಯ ಇನ್ನೊಂದು ನಕ್ಷತ್ರ ಹಿಡಿದವರು ನಮ್ಮ ಪಕ್ಕದವರೇ. ಮದ್ರಾಸ್ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಚಿಂತಾಮಣಿ ರಘುನಾಥಾಚಾರ್ಯರು. ದಕ್ಷಿಣ ದಿಗಂತದ ಹತ್ತಿರ ರೆಟಿಕ್ಯುಲಮ್ ಅಂತ ಒಂದು ಸಣ್ಣ ಪುಂಜ ಇದೆ. ಅದರಲ್ಲಿ ಆರ್ ಎಂಬ ನಕ್ಷತ್ರದ ಹೊಳಪು ಬದಲಾಗುತ್ತದೆ ಅಂತ ಅವರು 1867ರಲ್ಲಿ ಕಂಡರು. 1874ರ ಡಿಸೆಂಬರ್‌ನಲ್ಲಿ ಶುಕ್ರ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಅದನ್ನು ಜನರಿಗೆ ತಿಳಿಸಲು ಅವರೊಂದು ಪುಟ್ಟ ಪುಸ್ತಕ ಬರೆದರು. ಅದು ಹಲವು ಭಾಷೆಗಳಲ್ಲಿ ಬಂತು, ಕನ್ನಡದಲ್ಲೂ ಬಂತು. ನೂರೈವತ್ತು ವರ್ಷದ ಹಿಂದೆ ಕನ್ನಡದಲ್ಲಿ ಶುಕ್ರ ಸಂಕ್ರಮದ ಪುಸ್ತಕ! ಇವತ್ತು ನಾವಿಲ್ಲಿ ಮಾಡುತ್ತಿರುವ ಕೆಲಸ ಹೊಸದೇನಲ್ಲ ಅಂತ ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ನಿಮಗೆಲ್ಲ ಗೊತ್ತಿರುವ ನಕ್ಷತ್ರಕ್ಕೆ ಬರೋಣ. ಆರಿದ್ರಾ. ಇಲ್ಲಿ ಕೂತಿರುವ ಹಿರಿಯರಿಗೆ ಮಳೆ ನಕ್ಷತ್ರಗಳನ್ನು ನಾನು ಹೇಳಿಕೊಡಬೇಕಾಗಿಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು. ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಅನ್ನುವ ಮಾತೂ ಇದೆ. ಆರಿದ್ರಾ ಮಳೆ ಅಂದರೆ ಸೂರ್ಯ ಆ ನಕ್ಷತ್ರದ ಜಾಗಕ್ಕೆ ಬರುವ ಕಾಲ, ಜೂನ್ ಕೊನೆ. ಹಾಗಾಗಿ ಮಳೆ ಹುಯ್ಯುವಾಗ ಆ ನಕ್ಷತ್ರ ಕಾಣುವುದಿಲ್ಲ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಮಧ್ಯಾಹ್ನ ಸೂರ್ಯನ ಜತೆಗೇ ನೆತ್ತಿಗೆ ಬಂದಿರುತ್ತದೆ. ಅದನ್ನು ನೋಡಬೇಕಾದರೆ ಈಗಲೇ, ಚಳಿಗಾಲದಲ್ಲಿ. ಮಹಾವ್ಯಾಧ ಪುಂಜದ ಭುಜದಲ್ಲಿ ಕೆಂಡದ ಬಣ್ಣದ ನಕ್ಷತ್ರ. ಇಂಗ್ಲಿಷ್ ಪುಸ್ತಕದಲ್ಲಿ ಬೀಟಲ್‌ಜೂಸ್ ಅಂತ ಇರುವುದು ಇದೇ. ಸೂರ್ಯನ ಜಾಗದಲ್ಲಿ ಇದನ್ನು ಇಟ್ಟರೆ ಬುಧ, ಶುಕ್ರ, ನಾವು, ಮಂಗಳ, ಎಲ್ಲ ಅದರ ಹೊಟ್ಟೆಯೊಳಗೆ.

2019ರ ಕೊನೆಯಲ್ಲಿ ಇದು ಮಂಕಾಗತೊಡಗಿತು. ಸ್ವಲ್ಪ ಏರಿಳಿತ ಯಾವಾಗಲೂ ಇದ್ದದ್ದೇ. ಆದರೆ ಈ ಸಲ ಇಳಿಯುತ್ತಲೇ ಹೋಯಿತು. 2020ರ ಫೆಬ್ರವರಿಗೆ ಮಾಮೂಲಿ ಹೊಳಪಿನ ಅರ್ಧಕ್ಕಿಂತ ಕೆಳಗೆ. ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ನಾನು ದಿನಾ ಸಂಜೆ ಟೆರೇಸ್ ಮೇಲೆ ನಿಂತು ಪಕ್ಕದ ರೋಹಿಣಿ ಜತೆ ಹೋಲಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಮಾಮೂಲಿಯಾಗಿ ಆರಿದ್ರಾ ರೋಹಿಣಿಗಿಂತ ಪ್ರಕಾಶ. ಜನವರಿಯ ಒಂದು ಸಂಜೆ ಎರಡು ಸಲ ನೋಡಿದೆ, ಕನ್ನಡಕ ಒರೆಸಿ ಮತ್ತೆ ನೋಡಿದೆ. ರೋಹಿಣಿಯೇ ಮುಂದಾಗಿತ್ತು. ಆ ಪುಟ ಇನ್ನೂ ನನ್ನ ಹತ್ತಿರ ಇದೆ, ಆಮೇಲೆ ತೋರಿಸುತ್ತೇನೆ.

ಅದೇ ವಾರ ಒಂದು ಟಿವಿ ಚಾನೆಲ್‌ನಲ್ಲಿ ಆರಿದ್ರಾ ಸಿಡಿಯುತ್ತದೆ, ಭೂಮಿಗೆ ಗಂಡಾಂತರ ಅಂತ ಬಂತು. ಊರಿಂದ ನಮ್ಮತ್ತೆ ಫೋನ್ ಮಾಡಿದರು. "ಏನಪ್ಪಾ, ಆರಿದ್ರಾನೇ ಆರಿಹೋದರೆ ಮಳೆ ಗತಿ ಏನು?" ಅಂದರು. ಅವರ ಪ್ರಶ್ನೆ ನನಗೆ ತುಂಬಾ ಸರಿ ಅನಿಸಿತು. ಹೊಲ ಇರುವವರು ಕೇಳಲೇಬೇಕಾದ ಪ್ರಶ್ನೆ. ಅತ್ತೆ, ಮಳೆ ತರುವುದು ಆ ನಕ್ಷತ್ರ ಅಲ್ಲ. ಅದು ನಮ್ಮ ಹಿರಿಯರು ಕ್ಯಾಲೆಂಡರಿಗೆ ಇಟ್ಟುಕೊಂಡ ಗುರುತು. ಕಿಲೋಮೀಟರ್ ಕಲ್ಲು ಬಿದ್ದುಹೋದರೆ ಊರು ದೂರ ಆಗುತ್ತದಾ, ಹಾಗೆ ಅಂದೆ. ಅವರಿಗೆ ಸಮಾಧಾನವಾಯಿತು.

ಆಮೇಲೆ ತಿಳಿದದ್ದು ಇಷ್ಟು. ಹಬಲ್ ದೂರದರ್ಶಕ 2019ರ ಸೆಪ್ಟೆಂಬರ್‌ನಿಂದ ನವೆಂಬರ್ ತನಕ ನೋಡಿದಾಗ ನಕ್ಷತ್ರದಿಂದ ಬಿಸಿ ಅನಿಲ ಹೊರಗೆ ನುಗ್ಗುವುದು ಕಂಡಿತ್ತು. ಅದು ದೂರ ಹೋಗಿ ತಣ್ಣಗಾಗಿ ಧೂಳಾಯಿತು. ಆ ಧೂಳಿನ ಮೋಡ ನಮಗೂ ನಕ್ಷತ್ರಕ್ಕೂ ನಡುವೆ ನಿಂತಿತು. ಚಿಲಿ ದೇಶದಲ್ಲಿರುವ ದೊಡ್ಡ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ ನಕ್ಷತ್ರದ ಕೆಳಭಾಗ ಕಪ್ಪಿಟ್ಟಿದ್ದು ಸ್ಪಷ್ಟವಾಗಿ ಕಾಣುತ್ತದೆ. ಏಪ್ರಿಲ್ ಹೊತ್ತಿಗೆ ಹೊಳಪು ವಾಪಸ್ ಬಂತು. ಆರಿದ್ರಾ ಒಂದು ದಿನ ಸಿಡಿಯುವುದು ಖಂಡಿತ. ಆದರೆ ಅದು ಸುಮಾರು ಒಂದು ಲಕ್ಷ ವರ್ಷದೊಳಗೆ ಅನ್ನುವ ಲೆಕ್ಕ. ಸಿಡಿದರೂ ಹಗಲಲ್ಲಿ ಕಾಣುವಷ್ಟು ಹೊಳೆಯುತ್ತದೆ, ಅಷ್ಟು ದೂರದಿಂದ ನಮಗೆ ತೊಂದರೆ ಇಲ್ಲ.

ಎಷ್ಟು ದೂರ? 500ರಿಂದ 700 ಜ್ಯೋತಿರ್ವರ್ಷ. ಅಂದರೆ ಆ ಧೂಳಿನ ಮೋಡ ನಿಜಕ್ಕೂ ಎದ್ದಿದ್ದು 2019ರಲ್ಲಲ್ಲ. ಹಂಪಿಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದ ಕಾಲದಲ್ಲಿ ಅದು ಎದ್ದಿರಬೇಕು. ಆ ಸುದ್ದಿ ಹೊತ್ತ ಬೆಳಕು ಅಲ್ಲಿಂದ ಹೊರಟು, ನಮ್ಮತ್ತೆ ನನಗೆ ಫೋನ್ ಮಾಡುವ ಹೊತ್ತಿಗೆ ಇಲ್ಲಿಗೆ ಬಂದು ಮುಟ್ಟಿತು.

ಕೆಲವು ಸಲ ನಕ್ಷತ್ರಕ್ಕೆ ಏನೂ ಆಗಿರುವುದಿಲ್ಲ, ನಮ್ಮದೇ ಸೌರಮಂಡಲದ ಯಾವುದೋ ಕಾಯ ಅಡ್ಡ ಬಂದಿರುತ್ತದೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ಮಂಕಾದ ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಅಮೆರಿಕದ ಜೇಮ್ಸ್ ಎಲಿಯಟ್ ತಂಡದವರು ದೂರದರ್ಶಕ ಇಟ್ಟ ವಿಮಾನ ಹತ್ತಿ ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದರು. ಯುರೇನಸ್ ಬರುವುದಕ್ಕೆ ಇನ್ನೂ ಅರ್ಧ ಗಂಟೆಗಿಂತ ಜಾಸ್ತಿ ಸಮಯ ಇತ್ತು. ಅಷ್ಟರಲ್ಲಿ ನಕ್ಷತ್ರದ ಬೆಳಕು ಕೆಲವೇ ಸೆಕೆಂಡು ಕುಸಿದು ಎದ್ದಿತು. ಮತ್ತೆ ಇನ್ನೊಂದು ಸಲ. ಹೀಗೆ ಐದು ಸಲ. ಗ್ರಹ ದಾಟಿಹೋದ ಮೇಲೆ ಮತ್ತೆ ಐದು ಸಲ, ಅದೇ ಅಂತರದಲ್ಲಿ, ಹಿಂದುಮುಂದಾಗಿ.

ಆ ರಾತ್ರಿ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲೂ ಅದೇ ನಕ್ಷತ್ರವನ್ನು ನೋಡುತ್ತಿದ್ದರು. ಅದು ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ವೀಕ್ಷಣಾಲಯ. ವೇಣು ಬಾಪು ಅವರು ಕಟ್ಟಿ ಬೆಳೆಸಿದ ಜಾಗ. ಒಂದು ಮೀಟರ್ ದೂರದರ್ಶಕದ ಮುಂದೆ ಇದ್ದವರು ಜೆ.ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ. ಅವರ ದಾಖಲೆಯಲ್ಲೂ ಬೆಳಕು ಬಿದ್ದಿದ್ದು ಸಿಕ್ಕಿತು. ಯುರೇನಸ್‌ಗೆ ಹೊಸ ಚಂದ್ರ ಇರಬೇಕು ಅಂತ ಮೊದಲು ಅಂದುಕೊಂಡರು. ವಿಮಾನದಲ್ಲಿದ್ದವರಿಗೂ ಮೊದಲು ಬಂದ ಯೋಚನೆ ಅದೇ. ಎಲ್ಲರ ಲೆಕ್ಕಗಳನ್ನು ಒಟ್ಟಿಗೆ ಇಟ್ಟಾಗ ಉತ್ತರ ಬಂತು: ಉಂಗುರಗಳು! ಅಲ್ಲಿಯ ತನಕ ಉಂಗುರ ಇರುವುದು ಶನಿಗೆ ಮಾತ್ರ ಅಂತ ಎಲ್ಲರೂ ತಿಳಿದಿದ್ದರು. ಆ ಉಂಗುರಗಳಲ್ಲಿ ಕೆಲವುಗಳ ಅಗಲ ಬರೀ ಕೆಲವು ಕಿಲೋಮೀಟರ್. ಸುಮಾರು 290 ಕೋಟಿ ಕಿಲೋಮೀಟರ್ ಆಚೆ ಇರುವ ಅಷ್ಟು ತೆಳುವಾದದ್ದನ್ನು, ಅದನ್ನು ನೋಡದೆಯೇ ಹಿಡಿದರು. ಶುರುವಿನಲ್ಲಿ ಹೇಳಿದ ಫ್ಯಾನಿನ ರೆಕ್ಕೆ ನೆನಪಿಗೆ ಬಂತಾ?

ಕಾಪುವಿನ ದೀಪಸ್ತಂಭ ನೋಡಿದವರು ಎಷ್ಟು ಜನ? ಪರವಾಗಿಲ್ಲ, ತುಂಬಾ ಕೈ ಇವೆ. ದೀಪ ಆರುವುದಿಲ್ಲ, ತಿರುಗುತ್ತದೆ. ನಮ್ಮ ಕಡೆ ಬಂದಾಗ ಮಾತ್ರ ಮಿಂಚುತ್ತದೆ. ಆಕಾಶದಲ್ಲೂ ಅಂಥದ್ದಿದೆ ಅಂತ ತಿಳಿದಿದ್ದು 1967ರಲ್ಲಿ. ಕೇಂಬ್ರಿಜ್‌ನಲ್ಲಿ ಜೋಸ್ಲಿನ್ ಬೆಲ್ ಎಂಬ 24 ವರ್ಷದ ವಿದ್ಯಾರ್ಥಿನಿ. ಅವರೇ ಕೈಯಾರೆ ಗೂಟ ಹೊಡೆದು, ತಂತಿ ಎಳೆದು ಕಟ್ಟಿದ ರೇಡಿಯೋ ದೂರದರ್ಶಕ, ನಾಲ್ಕು ಎಕರೆಯಷ್ಟು ಜಾಗ. ಕಂಪ್ಯೂಟರ್ ಇಲ್ಲ. ಸುರುಳಿ ಕಾಗದದ ಮೇಲೆ ಪೆನ್ನು ಗೆರೆ ಎಳೆಯುತ್ತಾ ಹೋಗುತ್ತದೆ, ದಿನಕ್ಕೆ ಸುಮಾರು 30 ಮೀಟರ್ ಕಾಗದ. ಅಷ್ಟನ್ನೂ ಅವರು ಕಣ್ಣಲ್ಲೇ ನೋಡಬೇಕು.

ಆಗಸ್ಟ್‌ನಲ್ಲಿ ಒಂದು ಕಡೆ ಅರ್ಧ ಸೆಂಟಿಮೀಟರ್‌ನಷ್ಟು ಜಾಗದಲ್ಲಿ ಗೆರೆ ಗೀಚಿದ ಹಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಬಿಡುತ್ತಿದ್ದರು. ಅವರಿಗೆ ಇದನ್ನು ಹಿಂದೆಯೂ ನೋಡಿದ್ದೇನೆ ಅನಿಸಿತು. ಹಳೆ ಸುರುಳಿ ಬಿಚ್ಚಿ ನೋಡಿದರೆ ಹೌದು, ಆಕಾಶದ ಅದೇ ಜಾಗ. ದಿನಾ ನಾಲ್ಕು ನಿಮಿಷ ಮೊದಲೇ ಬರುತ್ತಿತ್ತು. ನಕ್ಷತ್ರಗಳು ದಿನಾ ನಾಲ್ಕು ನಿಮಿಷ ಮೊದಲು ಹುಟ್ಟುತ್ತವೆ. ಮನುಷ್ಯರ ಯಾವ ಯಂತ್ರವೂ ನಕ್ಷತ್ರದ ಗಡಿಯಾರ ನೋಡಿಕೊಂಡು ಕೆಲಸ ಶುರು ಮಾಡುವುದಿಲ್ಲ. ಹಾಗಾಗಿ ಇದು ಮೇಲಿನದ್ದೇ. ನವೆಂಬರ್‌ನಲ್ಲಿ ಕಾಗದವನ್ನು ಜೋರಾಗಿ ಓಡಿಸಿದಾಗ ಆ ಗೀಚು ಬಿಡಿಬಿಡಿಯಾಗಿ ಬಂತು. ಟಕ್. ಟಕ್. ಟಕ್. ಪ್ರತಿ 1.337 ಸೆಕೆಂಡಿಗೆ ಒಂದು. ಅಷ್ಟು ಕರಾರುವಾಕ್ಕಾದ ಸದ್ದು ನಿಸರ್ಗದ್ದಾ, ಯಾರೋ ಕಳಿಸುತ್ತಿರುವುದಾ ಅನ್ನುವ ಮಾತೂ ಬಂತು. ಡಿಸೆಂಬರ್‌ನಲ್ಲಿ ಆಕಾಶದ ಬೇರೆ ಮೂಲೆಯಲ್ಲಿ ಇನ್ನೊಂದು ಸಿಕ್ಕಿತು. ಎರಡು ಬೇರೆ ಬೇರೆ ಕಡೆಯಿಂದ ಒಂದೇ ರೀತಿ ಯಾರೂ ಕರೆಯುತ್ತಿರಲಾರರು.

ಅದು ಪಲ್ಸಾರ್. ದೊಡ್ಡ ನಕ್ಷತ್ರ ಸಿಡಿದು ಸತ್ತ ಮೇಲೆ ಉಳಿಯುವ ತಿರುಳು. ಸೂರ್ಯನಿಗಿಂತ ಜಾಸ್ತಿ ತೂಕ, ಅಡ್ಡಳತೆ ಮಾತ್ರ 20 ಕಿಲೋಮೀಟರ್. ಬೆಂಗಳೂರಿನ ಒಳಗೆ ಕೂರುತ್ತದೆ. ದೀಪಸ್ತಂಭದ ಹಾಗೆ ತಿರುಗುತ್ತಾ ರೇಡಿಯೋ ಅಲೆ ಬೀಸುತ್ತದೆ. 1054ರಲ್ಲಿ ಸಿಡಿದದ್ದು ಕಂಡ ಏಡಿ ನೀಹಾರಿಕೆಯ ನಡುವೆ ಇರುವುದು ಸೆಕೆಂಡಿಗೆ 30 ಸುತ್ತು. ಈ ಶೋಧಕ್ಕೆ 1974ರಲ್ಲಿ ನೊಬೆಲ್ ಬಂದಾಗ ಬೆಲ್ ಅವರ ಹೆಸರು ಇರಲಿಲ್ಲ, ಅವರ ಮಾರ್ಗದರ್ಶಕರ ಹೆಸರಿತ್ತು. ಇದು ನನಗೆ ಇವತ್ತಿಗೂ ನೋವಿನ ವಿಷಯ. 2018ರಲ್ಲಿ ಅವರಿಗೆ 30 ಲಕ್ಷ ಡಾಲರಿನ ಬೇರೊಂದು ಪ್ರಶಸ್ತಿ ಬಂತು. ಅಷ್ಟೂ ಹಣವನ್ನು ಅವಕಾಶ ಸಿಗದ ವಿದ್ಯಾರ್ಥಿಗಳ ಓದಿಗೆ ಕೊಟ್ಟುಬಿಟ್ಟರು.

ಕೊನೆಯದಾಗಿ ಒಂದು ನಕ್ಷತ್ರ. ರಾಜಹಂಸ ಪುಂಜದಲ್ಲಿ, ಸುಮಾರು 1,470 ಜ್ಯೋತಿರ್ವರ್ಷ ದೂರ. ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ 2009ರಿಂದ ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳ ಹೊಳಪನ್ನು ಬಿಡದೆ ಅಳೆಯುತ್ತಿತ್ತು. ಗ್ರಹ ಅಡ್ಡ ಬಂದರೆ ಬೆಳಕು ಸ್ವಲ್ಪ ಇಳಿಯುತ್ತದೆ. ಗುರುವಿನಂಥ ದೊಡ್ಡ ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಬಂದರೂ ನೂರರಲ್ಲಿ ಒಂದು ಪಾಲು ಮಾತ್ರ. ಆದರೆ ಈ ನಕ್ಷತ್ರ 2011ರಲ್ಲಿ ನೂರಕ್ಕೆ 15, 2013ರಲ್ಲಿ 22 ಪಾಲು ಮಂಕಾಯಿತು. ಕ್ರಮವಿಲ್ಲ, ಲಯವಿಲ್ಲ. ಇದನ್ನು ಮೊದಲು ಗುರುತಿಸಿದ್ದು ವಿಜ್ಞಾನಿಗಳಲ್ಲ. ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಗ್ರಾಫ್ ನೋಡುತ್ತಿದ್ದ ಸಾಮಾನ್ಯ ಜನ, ನಿಮ್ಮ ನನ್ನ ಹಾಗೆ. ಅವರು ವಿಜ್ಞಾನಿ ಟಬೆತಾ ಬೊಯಾಜಿಯನ್ ಅವರಿಗೆ ತೋರಿಸಿದರು. ಅನ್ಯಗ್ರಹದವರು ನಕ್ಷತ್ರದ ಸುತ್ತ ಏನೋ ಕಟ್ಟುತ್ತಿದ್ದಾರೆ ಅಂತ ಪತ್ರಿಕೆಗಳು ಬರೆದವು. ಭೂಮಿಯಿಂದ ಬಿಡದೆ ನೋಡಲು ಹಣ ಬೇಕಿತ್ತು, 2016ರಲ್ಲಿ ಜನರೇ ಒಂದು ಲಕ್ಷ ಡಾಲರ್ ಮೀರಿ ಕೂಡಿಸಿಕೊಟ್ಟರು.

2017ರಲ್ಲಿ ಅದು ಮತ್ತೆ ಮಂಕಾದಾಗ ಎಲ್ಲರೂ ಕಾದಿದ್ದರು. ಉತ್ತರ ಬಂದಿದ್ದು ಬಣ್ಣದಿಂದ. ರಾಗಿ ಕಣದಲ್ಲಿ ತೂರುವಾಗ ಎದ್ದ ಧೂಳಿನಾಚೆ ಸಂಜೆ ಸೂರ್ಯ ನೋಡಿದ್ದೀರಾ? ಇನ್ನೂ ಕೆಂಪಗೆ ಕಾಣುತ್ತಾನೆ. ನುಣ್ಣನೆ ಧೂಳು ನೀಲಿ ಬೆಳಕನ್ನು ಜಾಸ್ತಿ ತಡೆಯುತ್ತದೆ, ಕೆಂಪನ್ನು ಬಿಡುತ್ತದೆ. ಗೋಡೆಯಂಥ ಗಟ್ಟಿ ವಸ್ತು ಅಡ್ಡ ಬಂದರೆ ಎಲ್ಲ ಬಣ್ಣವೂ ಒಂದೇ ಸಮ ಕಡಿಮೆಯಾಗಬೇಕು. ಈ ನಕ್ಷತ್ರದಲ್ಲಿ ನೀಲಿ ಜಾಸ್ತಿ ಕಡಿಮೆಯಾಗಿತ್ತು. ಅಲ್ಲಿದ್ದದ್ದು ಕಟ್ಟಡವಲ್ಲ, ಧೂಳು. 2018ರಲ್ಲಿ ಅಚ್ಚಾದ ಲೇಖನಕ್ಕೆ ಇನ್ನೂರಕ್ಕೂ ಜಾಸ್ತಿ ಲೇಖಕರು. ಆ ಧೂಳು ಅಲ್ಲಿಗೆ ಎಲ್ಲಿಂದ ಬಂತು ಅನ್ನುವುದು ಇನ್ನೂ ಬಿಡಿಸದ ಒಗಟು. ಇಲ್ಲಿರುವ ಮಕ್ಕಳಲ್ಲಿ ಯಾರಾದರೂ ಬಿಡಿಸಲಿ ಅನ್ನುವುದು ನನ್ನ ಆಸೆ.

ಈಗ ಎಲ್ಲರೂ ಟೆರೇಸ್‌ಗೆ ಬನ್ನಿ. ಮೊಬೈಲ್ ಜೇಬಿನಲ್ಲೇ ಇರಲಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಹತ್ತು ಗಂಟೆಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ, ಆಕಾಶದಲ್ಲಿ ಅರ್ಧಕ್ಕಿಂತ ಮೇಲೆ ನೋಡಿ. ನಾನು ಬೆರಳು ಮಾಡಿ ತೋರಿಸುತ್ತೇನೆ. ಆಂಡ್ರೊಮಿಡಾ ಪುಂಜದ ತುದಿಯ ಆಲ್ಮಾಕ್ ನಕ್ಷತ್ರವನ್ನು ಮೊದಲು ಗುರುತಿಸಿಕೊಳ್ಳಿ. ಮಾಮೂಲಿ ದಿನ ಆಲ್ಗಾಲ್‌ಗೂ ಅದಕ್ಕೂ ಹೊಳಪಿನಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಇವತ್ತು ಎಷ್ಟಿದೆ ಅಂತ ನೀವೇ ಹೇಳಿ. ಚೀಟಿಯಲ್ಲಿ ಗಂಟೆ, ನಿಮಿಷ, ಕಂಡದ್ದು, ಮೂರನ್ನೂ ಬರೆಯಿರಿ. ಮನೆಗೆ ಹೋದ ಮೇಲೆ ಒಂದು ಲೆಕ್ಕ ಇದೆ. ಇವತ್ತು ಶನಿವಾರ ರಾತ್ರಿ ಹತ್ತು. ಅದಕ್ಕೆ 2 ದಿನ 20 ಗಂಟೆ 49 ನಿಮಿಷ ಕೂಡಿಸಿ. ಮಂಗಳವಾರ ಸಂಜೆ 6 ಗಂಟೆ 49 ನಿಮಿಷ. ಅವತ್ತು ಈಶಾನ್ಯದ ಕಡೆ ನೋಡಿ, ಅದು ಮತ್ತೆ ಮಂಕಾಗಿರುತ್ತದೆ. ಊಟ ಮುಗಿಸಿ ಹತ್ತು ಗಂಟೆಗೆ ಇನ್ನೊಂದು ಸಲ ಹೊರಗೆ ಬನ್ನಿ. ಅಷ್ಟರಲ್ಲಿ ಆ ಮುದಿ ನಕ್ಷತ್ರ ಪಕ್ಕಕ್ಕೆ ಸರಿಯುತ್ತಿರುತ್ತದೆ, ಆಲ್ಗಾಲ್ ಹೊಳಪೇರುವುದು ನಿಮಗೇ ಕಾಣುತ್ತದೆ.